ಅವರ ಕಿವಿಯೊಳಗೆ ನನ್ನ ದನಿ: ಹಳಿಯಾಳ, ಮುಂಡಗೋಡ, ಗಣೇಶಗುಡಿಯ ಮೂರು ದಿನ

ಫೆಬ್ರುವರಿಯ ಒಂದು ಬೆಳಿಗ್ಗೆ, ಆರೂಕಾಲಿಗೆ, ನಾನು ಮತ್ತು ನಮ್ಮ ಮನೆಯವರು ದಾಂಡೇಲಿಯಲ್ಲಿ ಹಳಿಯಾಳದ ಬಸ್ಸು ಹತ್ತಿದೆವು. ಡ್ರಮ್ಮು, ಸ್ಪೀಕರು, ಕೀಬೋರ್ಡು ಎಲ್ಲವೂ ಆರ್ಕೆಸ್ಟ್ರಾದ ಫ್ರಾನ್ಸಿಸನ ಕ್ರೂಸರ್ ಜೀಪಿನಲ್ಲಿ ಮುಂಚೆಯೇ ಹೋಗಿದ್ದವು. ಹಾಡುವ ಇಬ್ಬರು ಕೂತ ಮೇಲೆ ಆ ಗಾಡಿಯಲ್ಲಿ ನಮಗೆ ಜಾಗ ಉಳಿದಿರಲಿಲ್ಲ. ಒಂದು ರಟ್ಟಿನ ಪೆಟ್ಟಿಗೆಯನ್ನು ಮಾತ್ರ ನಾನು ಅವರ ಕೈಗೆ ಕೊಡದೆ, ಹಳೆಯ ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದೆ.

ಕಂಡಕ್ಟರ್ ನನಗೆ ಹೆಂಗಸರ ಪುಕ್ಕಟೆ ಶೂನ್ಯ ಟಿಕೆಟು ಕೊಟ್ಟು ಪೆಟ್ಟಿಗೆಯ ಕಡೆ ನೋಡಿದ. “ಒಳಗ ಏನೈತ್ರೀ ಅಕ್ಕಾರ? ಕೋಳಿ ಇದ್ರ ಅದಕ್ಕ ಅರ್ಧ ಟಿಕೀಟ್ ಆಕ್ಕೈತಿ.”

“ಕೋಳಿ ಅಲ್ರೀ, ಮೈಕು,” ಎಂದೆ.

“ಕೂಗೂದಿಲ್ಲಲ್ಲ?”

“ಇನ್ನೂ ಗೊತ್ತಿಲ್ರೀ.”

ಪಕ್ಕದಲ್ಲೇ ಕೂತಿದ್ದ ನಮ್ಮವರು “ಏನಂತ?” ಎಂದು ನನ್ನ ಕಡೆ ಬಲಗಿವಿ ತಿರುಗಿಸಿದರು. ಎರಡು ವರ್ಷದಿಂದ ಎಡಗಿವಿಯನ್ನು ಅವರು ಯಾರ ಕಡೆಗೂ ತಿರುಗಿಸುತ್ತಿರಲಿಲ್ಲ. ನಾವು ಹೊರಟದ್ದೇ ಆ ಕಿವಿಗಾಗಿ.

ನಮ್ಮವರದು ದಾಂಡೇಲಿಯಲ್ಲಿ ಗಡಿಯಾರ ರಿಪೇರಿ ಅಂಗಡಿ. ಮದುವೆಯ ದಿನಗಳಲ್ಲಿ ಫ್ರಾನ್ಸಿಸನ ಆರ್ಕೆಸ್ಟ್ರಾದಲ್ಲಿ ಡ್ರಮ್ಸ್ ಬಾರಿಸುತ್ತಾರೆ, ಇಪ್ಪತ್ತೆರಡು ವರ್ಷವಾಯಿತು. ಬಾರಿಸುವವರಿಗೆ ಹಾಡು ಕೇಳಬೇಕಲ್ಲ, ಅದಕ್ಕೆಂದು ಒಂದು ಸ್ಪೀಕರನ್ನು ಅವರ ಎಡಗಾಲಿನ ಪಕ್ಕದಲ್ಲಿ ಮುಖಕ್ಕೆ ಎದುರಾಗಿ ಇಡುತ್ತಾರೆ. ಅಷ್ಟೂ ವರ್ಷ ಅದು ಎಡಗಿವಿಗೆ ಬಡಿಯಿತು. ಈಚೆಗೆ ಕಾರ್ಯಕ್ರಮದ ಮರುದಿನ ಸಂಜೆಯವರೆಗೂ ಆ ಕಿವಿಯಲ್ಲಿ ಸಿಳ್ಳೆ. ಕೀಲಿ ಕೊಡುವ ಗಡಿಯಾರವನ್ನು ಕಿವಿಗೆ ಹಿಡಿದರೆ ನಡೆಯುತ್ತಿದೆಯೋ ನಿಂತಿದೆಯೋ ತಿಳಿಯುತ್ತಿರಲಿಲ್ಲ. ಹುಬ್ಬಳ್ಳಿಯ ಕಿವಿ ಡಾಕ್ಟರು ಪರೀಕ್ಷೆ ಮಾಡಿ, “ಹೋದದ್ದು ಹೊಳ್ಳಿ ಬರೂದಿಲ್ರೀ. ಉಳಿದದ್ದನ್ನ ಜ್ವಾಪಾನ ಮಾಡ್ರಿ. ಆ ಸ್ಪೀಕರ್ ಬಿಡ್ರಿ, ಇಲ್ಲಾ ಡ್ರಮ್ ಬಿಡ್ರಿ,” ಎಂದಿದ್ದರು.

ನನ್ನದೂ ಒಂದು ಕಷ್ಟವಿತ್ತು. ನಾನು ಕಾನ್ವೆಂಟಿನಲ್ಲಿ ಓದಿದವಳು. ನಿನ್ನ ದನಿ ಪಕ್ಕದ ಬೆಂಚು ದಾಟಬಾರದು ಎಂದು ಸಿಸ್ಟರು ಹತ್ತು ವರ್ಷ ತಿದ್ದಿದ್ದರು. ಅಂಥವಳು ಈಗ ಮನೆಯಲ್ಲಿ ಕೂಗಿ ಮಾತಾಡುತ್ತಿದ್ದೆ. ನಮ್ಮ ಮನೆಯಲ್ಲಿ ರಾತ್ರಿಗೆ ಏನು ಪಲ್ಯ ಎಂಬುದು ಓಣಿಗೆಲ್ಲ ಗೊತ್ತಿರುತ್ತಿತ್ತು. ಕೂಗುವಾಗ ದನಿಯಲ್ಲಿ ಸಿಟ್ಟು ಇಲ್ಲದಿದ್ದರೂ ಬಂದುಬಿಡುತ್ತದೆ. ನಮ್ಮವರು ಎದುರು ಮಾತಾಡದೆ ಸುಮ್ಮನಾಗುತ್ತಿದ್ದರು.

ಪೆಟ್ಟಿಗೆಯಲ್ಲಿದ್ದದ್ದು ರಾಮನಗರದ ಒಬ್ಬ ವಾದ್ಯಗಾರನಿಂದ ಕೊಂಡ ಡ್ರಮ್ ಮೈಕ್ ಮಾಡ್ಯೂಲು. ದೊಡ್ಡ ಡ್ರಮ್ಮಿನ ಅಂಚಿನ ಬಳೆಗೆ ಕಚ್ಚಿಸುವ, ಮುಷ್ಟಿಯಷ್ಟು ದಪ್ಪದ ಒಂದು ಮೈಕು. ಅದರಿಂದ ವೈರು ಹೋಗಿ ಸೇರುವ, ಊಟದ ಡಬ್ಬಿಯಷ್ಟು ದೊಡ್ಡ ಯಂತ್ರ. ಎಲ್ಲ ಡ್ರಮ್ಮಿನ ಸದ್ದನ್ನೂ ಆ ಒಂದೇ ಮೈಕು ಹಿಡಿಯುತ್ತದೆ. ಯಂತ್ರದಿಂದ ಒಂದು ವೈರು ಸಭೆಯ ಸ್ಪೀಕರಿಗೆ, ಇನ್ನೊಂದು ಬಾರಿಸುವವರ ಕಿವಿಗೆ. ಕಿವಿಗೆ ಹಾಕುವ ಇನ್-ಇಯರಿನ ತುದಿಯಲ್ಲಿ ಮೆತ್ತನೆಯ ಸ್ಪಂಜು. ಹಿಂಡಿ ಒಳಗೆ ತೂರಿಸಿದರೆ ಉಬ್ಬಿ ಕಿವಿಯನ್ನು ಮುಚ್ಚುತ್ತದೆ. ಹೊರಗಿನ ಗದ್ದಲ ನಿಲ್ಲುತ್ತದೆ, ಒಳಗೆ ಸಣ್ಣ ದನಿಯಲ್ಲೇ ಎಲ್ಲ ಕೇಳುತ್ತದೆ. ಕಾಲಬುಡದ ಸ್ಪೀಕರು ಬೇಡ.

“ಮೂರು ಪ್ರೋಗ್ರಾಮ್ ನೋಡೂಣು. ಆಮ್ಯಾಲೂ ಸಿಳ್ಳಿ ನಿಲ್ಲಲಿಲ್ಲಂದ್ರ ಡ್ರಮ್ ಕೊಟ್ಟಬಿಡ್ತೇನಿ,” ಎಂದು ನಮ್ಮವರೇ ಹೇಳಿದ್ದರು. ಹೇಳುವಾಗ ಕೈಯಲ್ಲಿದ್ದ ಗಡಿಯಾರದಿಂದ ತಲೆ ಎತ್ತಿರಲಿಲ್ಲ. ಯಂತ್ರದ ಜೊತೆ ಬಂದ ಪುಸ್ತಿಕೆ ಪೂರ್ತಿ ಇಂಗ್ಲಿಷಿನಲ್ಲಿದ್ದುದರಿಂದ ಓದಿ ಹೇಳಲು ನಾನು ಜೊತೆಯಾದೆ.

ಹಳಿಯಾಳಕ್ಕೆ ಇಪ್ಪತ್ತು ಕಿಲೋಮೀಟರಿನ ಮೇಲೆ ಸ್ವಲ್ಪ, ಮುಕ್ಕಾಲು ತಾಸು. ನಿಲ್ದಾಣದ ಎದುರು ಬಿಸಿ ಉಪ್ಪಿಟ್ಟು ತಿಂದು ಕಲ್ಯಾಣ ಮಂಟಪಕ್ಕೆ ಹೋದಾಗ ಫ್ರಾನ್ಸಿಸ್ ವೈರು ಹಾಸುತ್ತಿದ್ದ. ಆರ್ಕೆಸ್ಟ್ರಾವೂ ಅವನದೇ, ಗಾಡಿಯೂ ಅವನದೇ. ನಾನು ಪುಸ್ತಿಕೆ ಓದಿದಂತೆ ನಮ್ಮವರು ತಿರುಪು ಬಿಗಿದರು. ಹಾಡು ಕಿವಿಗೆ ಬರಲೆಂದು ಫ್ರಾನ್ಸಿಸನ ಕಡೆಯಿಂದ ಒಂದು ವೈರನ್ನು ಯಂತ್ರದ ತೂತಿಗೆ ಸಿಕ್ಕಿಸಿದೆವು. ಒಂದು ಹಾಡು ಬಾರಿಸಿ ನೋಡಿದ ನಮ್ಮವರ ಮುಖ ಅರಳಿತು. ಫ್ರಾನ್ಸಿಸ್ ಮಾತ್ರ, “ಸಭಾದಾಗ ಯಾಕೋ ಗುಂಯ್ ಅಂತೈತಿ,” ಎಂದ. ಯಂತ್ರ ಯಾರೋ ಬಳಸಿದ್ದು, ಹೊಸದಲ್ಲ, ಹಾಗೇ ಇರಬೇಕು ಎಂದುಕೊಂಡೆವು.

ನಮ್ಮ ಕಡೆಯ ಮದುವೆಯಲ್ಲಿ ಅಕ್ಕಿಕಾಳಿನ ಹೊತ್ತೇ ಮುಖ್ಯ. ಮಂಗಲಾಷ್ಟಕದ ಕೊನೆಯ ಪದ್ಯ ಮುಗಿದು “ಸಾವಧಾನ” ಎನ್ನುತ್ತಲೂ ಜನ ಅಕ್ಕಿಕಾಳು ತೂರಬೇಕು, ಅದೇ ಕ್ಷಣಕ್ಕೆ ಬಾಜಾ ಮೊಳಗಬೇಕು. ನಮ್ಮವರು ಇಪ್ಪತ್ತೆರಡು ವರ್ಷ ಅದನ್ನು ಕಿವಿಯಿಂದಲೇ ಹಿಡಿದವರು. ಆದರೆ ಮಂಗಲಾಷ್ಟಕ ಹೇಳುವವರ ಮೈಕು ಮಂಟಪದವರದು, ನಮ್ಮ ವೈರಿಗೆ ಅದರ ಸಂಬಂಧವಿಲ್ಲ, ಕಿವಿಯಲ್ಲೋ ಸ್ಪಂಜು. ಇದು ನಮ್ಮ ಮೂವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಕೊನೆಯ ಪದ್ಯ ಶುರುವಾಯಿತು. ನಮ್ಮವರು ತಲೆ ತಗ್ಗಿಸಿ ಯಂತ್ರದ ಗುಂಡಿ ನೋಡುತ್ತಿದ್ದರು. ಹೆಂಗಸರ ಸಾಲಿನಿಂದ ನಾನು “ರೀ” ಎಂದೆ. ನನ್ನ ಬಳೆಯ ಸದ್ದೇ ಅದಕ್ಕಿಂತ ಜೋರಾಗಿತ್ತು. ಕೈ ಎತ್ತಿ ಬೀಸಿದೆ. ಅವರು ನೋಡಿದರು, ನಕ್ಕರು, ಹೊಟ್ಟೆ ಮುಟ್ಟಿಕೊಂಡು ‘ಇನ್ನೂ ಹಸಿವಿಲ್ಲ’ ಎಂದು ಕೈ ಮಾಡಿದರು. ಅಷ್ಟರಲ್ಲಿ ಅಕ್ಕಿಕಾಳು ಬಿದ್ದವು. ಆ ಸದ್ದಿಲ್ಲದ ಸಭೆಯಲ್ಲಿ ಅಕ್ಕಿ ನೆಲಕ್ಕೆ ಬೀಳುವ ಸಪ್ಪಳವೂ ನನಗೆ ಕೇಳಿತು.

ಮದುಮಗಳ ಸೋದರಮಾವ ಸ್ಟೇಜ್ ಏರಿ ಬಂದ. “ಏನ್ರೀ ಡ್ರಮ್ಮಿನವ್ರ, ನಿದ್ದಿ ಹತ್ತಿತ್ತೇನ್ರಿ? ಹೆಣ್ಣಿನ ಅಕ್ಕಿಕಾಳು ಮೂಕ ಮಾಡಿದ್ರಲ್ಲ!”

ನಮ್ಮವರು ಕಿವಿಯಿಂದ ವೈರು ಕಿತ್ತು ಎದ್ದು ನಿಂತರು. ಅವರ ಕಿವಿಯ ತುದಿ ಕೆಂಪಾಗಿತ್ತು. ಮುಂದಿನ ಕುರ್ಚಿಯಲ್ಲಿದ್ದ ಮದುಮಗಳ ಅಜ್ಜಿ ಮಾವನನ್ನು ಕರೆದಳು. “ಏ ತಮ್ಮಾ, ಇಳಿ ಕೆಳಗ. ಹುಡುಗ ತಾಳಿ ಕಟ್ಟ್ಯಾನಿಲ್ಲೋ? ಬಾಜಾ ಇಲ್ಲಂದ್ರ ಮದಿವಿ ಏನ್ ಬಿಚ್ಚಿ ಹೊಕ್ಕೈತೇನು?” ಜನ ನಕ್ಕರು. ನಮ್ಮವರು ನಗಲಿಲ್ಲ.

“ಇದು ನಮಗ ಆಗೂದಲ್ಲ. ಹಳೇ ಸ್ಪೀಕರ್ ಹಚ್ಚೋ ಫ್ರಾನ್ಸಿಸಾ,” ಎಂದರು. ಎರಡು ತಾಸು ಅದರ ಎದುರೇ ಬಾರಿಸಿದರು. ಊಟಕ್ಕೆ ಮಾದಲಿ, ಎಣಗಾಯಿ, ಬುಂದಿ ಎಲ್ಲ ಇತ್ತು. ನನಗೆ ಯಾವುದರ ರುಚಿಯೂ ನೆನಪಿಲ್ಲ.

ಹಾಡುವವರಿಬ್ಬರೂ ಬೈಕಿನಲ್ಲಿ ಹೊರಟಿದ್ದರಿಂದ ಕ್ರೂಸರಿನಲ್ಲಿ ಜಾಗವಾಯಿತು. ಕಲಘಟಗಿಯ ಮೇಲಿಂದ ಮುಂಡಗೋಡಕ್ಕೆ ಎರಡು ತಾಸು. ನಿಲ್ದಾಣದ ಹತ್ತಿರ ಎಂಟುನೂರು ರೂಪಾಯಿಯ ಲಾಡ್ಜು. ಕಿಟಕಿಯಿಂದ ನೋಡಿದರೆ ಟಿಬೆಟನ್ ಕ್ಯಾಂಪಿನ ಇಬ್ಬರು ಸನ್ಯಾಸಿಗಳು ಕೆಂಪು ಬಟ್ಟೆ ಸಾವರಿಸಿಕೊಂಡು ಶೇಂಗಾ ಕೊಳ್ಳುತ್ತಿದ್ದರು.

ಬೆಳಿಗ್ಗೆ ನಮ್ಮವರು ನನ್ನ ಕೈಗಡಿಯಾರ ಕೇಳಿದರು. ಹತ್ತನೇ ಇಯತ್ತೆ ಪಾಸಾದಾಗ ಅಪ್ಪ ಕೊಡಿಸಿದ ಕೀಲಿ ಗಡಿಯಾರ ಅದು. ಎಡಗಿವಿಗೆ ಹಿಡಿದು ಕಣ್ಣು ಮುಚ್ಚಿದರು.

“ಸಿಳ್ಳಿ ಐತಿ. ಗಡಿಯಾರ ಇಲ್ಲ,” ಎಂದು ವಾಪಸು ಕೊಟ್ಟರು. ಮೂರರಲ್ಲಿ ಒಂದು ಹೋಯಿತು.

ಅವರು ಸ್ನಾನಕ್ಕೆ ಹೋದಾಗ ಪುಸ್ತಿಕೆ ತೆಗೆದು ಕೂತೆ. ಹಾಡಿನ ವೈರು ಸಿಕ್ಕಿಸಿದ್ದ ತೂತಿಗೆ ಹೊರಗಿನ ಯಾವ ಸದ್ದನ್ನಾದರೂ ಕೊಡಬಹುದು ಎಂದು ಅದರಲ್ಲಿತ್ತು. ಯಾವ ಸದ್ದನ್ನಾದರೂ ಎಂದ ಮೇಲೆ ನನ್ನ ದನಿಯನ್ನು ಯಾಕೆ ಕೊಡಬಾರದು? ಕೆಳಗೆ ಗಾಡಿ ಒರೆಸುತ್ತಿದ್ದ ಫ್ರಾನ್ಸಿಸನಿಗೆ ಹೇಳಿದೆ. ನಮ್ಮವರನ್ನು ಅಣ್ಣ, ನನ್ನನ್ನು ವೈನಿ ಎಂದೇ ಕರೆಯುವ ಅವನು ಒರೆಸುವುದನ್ನು ನಿಲ್ಲಿಸಿದ.

“ವೈನಿ, ನನ್ನ ಹಂತ್ಯಾಕ ಒಂದು ಸಣ್ಣ ಮಿಕ್ಸರ್ ಐತ್ರಿ. ನನ್ನ ಹಾಡೂ ನಿಮ್ಮ ಮೈಕೂ ಅದರಾಗ ಕೂಡಿಸಿ ಅಣ್ಣಾನ ಕಿವಿಗೆ ಬಿಡೂಣು. ಆದ್ರ ನೀವು ಮಾತಾಡಬೇಕಲ್ರಿ. ಇಷ್ಟ ವರ್ಷದಾಗ ನಿಮ್ಮ ದನಿ ನಾನೇ ಸರೀ ಕೇಳಿಲ್ಲ.”

ಮದುವೆ ಮುಂಡಗೋಡದಿಂದ ಐದಾರು ಕಿಲೋಮೀಟರ್ ಆಚೆಯ ಹಳ್ಳಿಯಲ್ಲಿ, ಮನೆಯ ಮುಂದೆಯೇ ಚಪ್ಪರ. ನಮ್ಮವರು ಮೊದಲು ಒಪ್ಪಲಿಲ್ಲ. “ಇನ್ನೊಮ್ಮೆ ಬೈಸ್ಕೊಳ್ಳಲೇನು?” ಎಂದರು. ನಾನು ಮೈಕು ಹಿಡಿದು ಅವರ ಹಿಂದೆ ಸ್ಟೂಲ್ ಹಾಕಿಕೊಂಡು ಕೂತೆ. ಸ್ವಲ್ಪ ಹೊತ್ತಿನ ಮೇಲೆ ಅವರು ತಾವೇ ಸ್ಪಂಜು ಹಿಂಡಿ ಕಿವಿಗೆ ಹಾಕಿಕೊಂಡರು.

ಮೈಕಿನಲ್ಲಿ ಏನು ಹೇಳಬೇಕೆಂದು ತಿಳಿಯಲಿಲ್ಲ. ಬಾಯಿಗೆ ಬಂದದ್ದನ್ನು ಮೆಲ್ಲಗೆ ಕೇಳಿದೆ. “ಬಿಪಿ ಗುಳಿಗಿ ತಗೊಂಡ್ರೇನ್ರೀ?”

ಚಪ್ಪರದ ನಾಲ್ಕೂ ಮೂಲೆಯ ಸ್ಪೀಕರುಗಳಿಂದ ನನ್ನ ದನಿ ಮೊಳಗಿತು. ಹೂ ಕಟ್ಟುತ್ತಿದ್ದ ಹೆಂಗಸರು ತಲೆ ಎತ್ತಿದರು. ಹಿತ್ತಲಿನಿಂದ ಅಡುಗೆಯವ ಕೂಗಿದ, “ಚಾ ಕುಡದ ಕೂಡ್ಲೇ ತಗೊಂಡೇನ್ರೀ ಅಕ್ಕಾರ!” ಫ್ರಾನ್ಸಿಸ್ ಕೀಬೋರ್ಡಿನ ಮೇಲೆ ತಲೆ ಇಟ್ಟು ನಕ್ಕ. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಬಸ್ಸಿನ ಕಂಡಕ್ಟರ್ ‘ಕೂಗೂದಿಲ್ಲಲ್ಲ?’ ಎಂದು ಕೇಳಿದ್ದಕ್ಕೆ ಈಗ ಉತ್ತರ ಗೊತ್ತಾಗಿತ್ತು. ನಮ್ಮವರು ಮಾತ್ರ ನನ್ನ ಕಡೆ ತಿರುಗಿ, ಎರಡೂ ಕಿವಿ ಮುಚ್ಚಿಕೊಂಡೇ, ಸಹಜವಾಗಿ ಹೇಳಿದರು: “ಇನ್ನೂ ಇಲ್ಲ. ನಾಷ್ಟಾ ಆದಮ್ಯಾಲ ತಗೋತೇನಿ.”

ಅವರಿಗೆ ಕೇಳಿತ್ತು. ಮೊದಲ ಸಲಕ್ಕೇ.

ಆ ತೂತಿಗೆ ಕೊಟ್ಟದ್ದು ಕಿವಿಗೂ ಹೋಗುತ್ತಿತ್ತು, ಸಭೆಗೂ ಹೋಗುತ್ತಿತ್ತು. ನಿನ್ನೆ ಹಾಡು ಎರಡೆರಡು ಸಲ ಸೇರಿ ಗುಂಯ್ ಎಂದದ್ದು ಅದಕ್ಕೇ. ಪುಸ್ತಿಕೆಯಲ್ಲಿ ಎರಡು ಹಾಳೆ ಅಂಟಿಕೊಂಡಿದ್ದವು. ಹೇರ್‌ಪಿನ್ನಿನಿಂದ ಬಿಡಿಸಿದಾಗ, ಕಿವಿಗೆ ಮಾತ್ರ ಕಳಿಸುವುದು ಹೇಗೆಂದು ಒಳಗೆ ಬರೆದಿತ್ತು. ನಾಲ್ಕು ಸಲ ಗುಂಡಿ ಒತ್ತಿದರೆ ಮುಗಿಯಿತು. ಎರಡನೇ ಸಲ “ನೆಟ್ಟಗ ಕೂಡ್ರಿ” ಎಂದಾಗ ಚಪ್ಪರದಲ್ಲಿ ಯಾರೂ ತಿರುಗಲಿಲ್ಲ, ಎದುರಿನ ಬೆನ್ನು ಮಾತ್ರ ನೆಟ್ಟಗಾಯಿತು.

ಹನ್ನೆರಡೂವರೆಗೆ ಅಕ್ಕಿಕಾಳು. ಮೈಕನ್ನು ಎರಡೂ ಕೈಯಲ್ಲಿ ಹಿಡಿದೆ. ಸಿಸ್ಟರು ಕಲಿಸಿದ ಅದೇ ದನಿಯಲ್ಲಿ ಒಂದೊಂದೇ ಹೇಳಿದೆ. “ಅಂತರಪಟ ಹಿಡದಾರ... ಇದು ಕಡೀ ಪದ್ಯ... ಎಲ್ಲಾರೂ ಎದ್ದರು... ತಡೀರಿ... ತಡೀರಿ... ಈಗ.”

ಕೋಲು ಬಿತ್ತು. ಅಕ್ಕಿಕಾಳು ಮೇಲೆ ಹಾರಿದ್ದೂ ಡ್ರಮ್ಮು ಮೊಳಗಿದ್ದೂ ಒಂದೇ ಗಳಿಗೆ. ಹಿಂದಿನ ಸಾಲಿನ ಒಬ್ಬ ಮುದುಕ ಪಕ್ಕದವನಿಗೆ, “ಭಲೇ ಹಿಡದ ನೋಡ್ಲೇ ಟೈಮ್,” ಎಂದ. ನನ್ನ ಕಣ್ಣಿನಲ್ಲಿ ನೀರು ಬಂದಿತ್ತು. ಅಕ್ಕಿಕಾಳು ಬಿತ್ತೆಂದು ಒರೆಸಿಕೊಂಡೆ.

ಊಟಕ್ಕೆ ಕೂತಾಗ ಎರಡು ಸಲ ಬುಂದಿ ಹಾಕಿಸಿಕೊಂಡೆ. ಮೂರೂವರೆಗೆ ಹೊರಟು ಯಲ್ಲಾಪುರದ ಮೇಲಿಂದ, ದಾಂಡೇಲಿಯನ್ನೂ ದಾಟಿ ಗಣೇಶಗುಡಿಗೆ ಹೋದೆವು. ನೂರು ಕಿಲೋಮೀಟರಿನ ಮೇಲೇ ಆಯಿತು. ದಾಂಡೇಲಿಯಲ್ಲಿ ನಮ್ಮ ಓಣಿಯ ತಿರುವು ಬಂದಾಗ ಫ್ರಾನ್ಸಿಸ್, “ಇಳೀತೀರೇನ್ರಿ ವೈನಿ? ಪುಸ್ತಕ ಓದಿ ಮುಗೀತಲ್ಲ?” ಎಂದು ಕೆಣಕಿದ. ನಾನು ಬಾಯಿ ತೆರೆಯುವ ಮೊದಲೇ ನಮ್ಮವರು “ನಡಿಯೋ ಮುಂದ” ಎಂದರು.

ಹೋಮ್‌ಸ್ಟೇ ಕಾಳಿ ನದಿಯ ದಂಡೆಯಲ್ಲಿತ್ತು. ಬೆಳಿಗ್ಗೆ ನೀರಿನ ಮೇಲೆ ಮಂಜು, ಶಾಲಿಲ್ಲದೆ ಕೂರಲಾಗದಷ್ಟು ಚಳಿ. ನಮ್ಮವರು ಮೆಟ್ಟಿಲ ಮೇಲೆ ಕೂತು ಕೈ ಚಾಚಿದರು. ನಾನು ಗಡಿಯಾರ ಬಿಚ್ಚಿ ಕೊಟ್ಟೆ. ಎಡಗಿವಿಗೆ ಹಿಡಿದರು.

“ಕೇಳಸ್ತೈತೇನ್ರೀ?”

“ಸಿಳ್ಳಿ ಇಲ್ಲ. ಗಡಿಯಾರ ಸಣ್ಣಗ ಐತಿ,” ಎಂದರು. ಇನ್ನೊಂದು ಸ್ವಲ್ಪ ಹೊತ್ತು ಹಿಡಿದೇ ಇದ್ದರು. “ಇದು ದಿನಕ್ಕ ಎರಡು ನಿಮಿಷ ಹಿಂದ ಬೀಳ್ತಿರಬೇಕು. ನನಗ ಯಾಕ ಹೇಳಿಲ್ಲ ನೀ?”

ಆ ದಿನದ ಕಾರ್ಯಕ್ರಮ ಜೋಯಿಡಾ ಸುತ್ತಿನ ರಾಫ್ಟಿಂಗ್ ಕೆಲಸಗಾರರ ಕೂಟ, ಮರದ ನೆರಳಿನಲ್ಲಿ, ಹನ್ನೊಂದರಿಂದ ಒಂದರವರೆಗೆ. ಅಕ್ಕಿಕಾಳಿಲ್ಲ, ಸೋದರಮಾವನಿಲ್ಲ. ಕಿವಿಗೆ ಎಷ್ಟು ಸದ್ದು ಬೇಕೋ ಅಷ್ಟೇ ಇಟ್ಟುಕೊಂಡು ನಮ್ಮವರು ಕಣ್ಣು ಮುಚ್ಚಿ ಬಾರಿಸಿದರು. ನಾನು ಅಗತ್ಯವಿಲ್ಲದಿದ್ದರೂ ಮೈಕು ಹಿಡಿದು ಕೂತಿದ್ದೆ. ಒಂದು ಹಾಡಿನ ನಡುವೆ, “ನಿಮ್ಮ ಹಿಂದಿನ ಮರದಾಗ ಒಂದು ದೊಡ್ಡ ಮಂಗಟ್ಟೆ ಹಕ್ಕಿ ಬಂದು ಕುಂತೈತಿ,” ಎಂದೆ. ಅವರು ತಾಳ ಬಿಡದೆ ತಲೆಯಾಡಿಸಿದರು. ಕೋಕಂ ಸಾರು, ಅನ್ನ ಉಂಡು ಮೂರರ ಬಸ್ಸಿಗೆ ಹೊರಟೆವು. ಪೆಟ್ಟಿಗೆ ಈ ಸಲ ಅವರ ತೊಡೆಯ ಮೇಲಿತ್ತು.

ಮರುದಿನ ಬೆಳಿಗ್ಗೆ, ದಾಂಡೇಲಿಯ ನಮ್ಮ ಅಡುಗೆಮನೆ. ಕಾರ್ಯಕ್ರಮದ ಮರುದಿನವೆಂದರೆ ಕೂಗುವ ದಿನ. ಅಭ್ಯಾಸದಿಂದ ಎದೆ ತುಂಬ ಉಸಿರು ಎಳೆದುಕೊಂಡೆ. ಆಮೇಲೆ ಆ ಉಸಿರು ಬಿಟ್ಟು, ಒಲೆಯ ಕಡೆಗೇ ಮುಖವಿಟ್ಟು, ಪಕ್ಕದ ಬೆಂಚು ದಾಟದ ದನಿಯಲ್ಲಿ ಕೇಳಿದೆ. “ಚಾ ಇಡ್ಲೇನ್ರೀ?”

ಪಡಸಾಲೆಯಲ್ಲಿ ನನ್ನ ಗಡಿಯಾರದ ಬೆನ್ನು ಬಿಚ್ಚಿಕೊಂಡು ಕೂತಿದ್ದವರು ತಲೆ ಎತ್ತಿದ್ದರೋ ಇಲ್ಲವೋ ನನಗೆ ಕಾಣಲಿಲ್ಲ.

“ಇಡು,” ಎಂದರು. “ಶುಂಠಿ ಹಾಕು.”