ಬಸ್ಸಿಗೆ ಹೆದರಿದ ಸೀಟು

"ಅಕ್ಕ, ನಿಮ್ಮ ಮೊಣಕಾಲ್ ಒಂದೇ ಬಂದ್ರೆ ಸಾಕಾತಿಲ್ಲೆ. ನಾಳೆ ಸೈಕಲ್ಲನ್ನೂ ಕರ್ಕಂಡ್ ಬನ್ನಿ."

ಕುಂದಾಪುರದ ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್ ಹುಡುಗಿ ಹೀಗೆಂದಾಗ ತಮಾಷೆ ಅಂದುಕೊಂಡೆ. ಅಲ್ಲ. ಮರುದಿನ ನಿಜವಾಗಿಯೂ ಸೈಕಲ್ಲನ್ನು ಕ್ಲಿನಿಕ್ಕಿನ ಮೆಟ್ಟಿಲು ಹತ್ತಿಸಿದೆ. ಬೆಂಚಿನಲ್ಲಿ ಸೊಂಟ ಹಿಡಿದುಕೊಂಡು ಕೂತಿದ್ದ ಅಜ್ಜಿಯೊಬ್ಬರು ಅದನ್ನು ಮೇಲಿಂದ ಕೆಳಗೆ ನೋಡಿ, "ಪಾಪ, ಇದಕ್ಕ್ ಎಂತ ಆಯ್ತ್?" ಎಂದು ಕೇಳಿದರು.

ಅದಕ್ಕೆ ಏನೂ ಆಗಿರಲಿಲ್ಲ. ಆದದ್ದೆಲ್ಲ ನನಗೆ.

ಕೋಟೇಶ್ವರದ ನಮ್ಮ ಮನೆಗೆ ಈ ಗೇರ್ ಸೈಕಲ್ ಬಂದು ಇನ್ನೂ ವರ್ಷವಾಗಿಲ್ಲ. ಶುಗರ್ ಬಾರ್ಡರಿನಲ್ಲಿದೆ, ವಾಕಿಂಗ್ ಮಾಡಿ ಎಂದರು ಡಾಕ್ಟರು. ವಾಕಿಂಗ್ ಎಂದರೆ ನನಗೆ ಮಹಾ ಬೋರು. (ಎದುರಿಗೆ ಸಿಕ್ಕವರೆಲ್ಲ ನಿಲ್ಲಿಸಿ ಮಾತಾಡಿಸುತ್ತಾರೆ. ಮಾತಿಗೆ ನಿಂತರೆ ಶುಗರ್ ಇಳಿಯುತ್ತದೆಯೇ?) ಅದಕ್ಕೇ ಸೈಕಲ್ ತೆಗೆದುಕೊಂಡೆ. ಬೆಳಿಗ್ಗೆ ಬೀಜಾಡಿ ಕಡಲ ಕಿನಾರೆಯವರೆಗೆ ಹೋಗಿ ಬರುವುದು, ಅಷ್ಟೇ. ಆದರೆ ಗಾಳಿಗೆ ಮುಖ ಕೊಟ್ಟು ತುಳಿಯುವಾಗ ಎಷ್ಟು ಖುಷಿಯಾಗುತ್ತದೆಂದರೆ, ಈ ವಯಸ್ಸಿನಲ್ಲಿ ಹೇಳಿಕೊಳ್ಳಲು ನಾಚಿಕೆ.

ಈ ಖುಷಿಯಲ್ಲೇ ಒಂದು ದಿನ ಫೋನಿನಲ್ಲಿ ಅಕ್ಕನಿಗೆ ಬಡಾಯಿ ಕೊಚ್ಚಿದೆ. ಅಕ್ಕನ ಗಂಡನ ಮನೆ ಕೆರಾಡಿ. ಕಾಡಿನ ಅಂಚಿನ ಊರು, ಏರು ದಾರಿ.

"ನಿನ್ನ ಮನಿಗೆ ಸೈಕಲ್ಲಂಗೇ ಬತ್ತೆ ಕಾಣ್," ಎಂದೆ.

"ನೀ ಸೈಕಲ್ಲಂಗೆ ಬಂದ್ರೆ ಕೊಟ್ಟೆ ಕಡುಬು, ಕೋಳಿ ಸಾರ್ ಮಾಡ್ತೆ," ಎಂದಳು ಅಕ್ಕ. "ಕಾರಂಗೆ ಬಂದ್ರೆ ಉಪ್ಪಿಟ್ಟೇ."

ಹಲಸಿನೆಲೆಯ ಕೊಟ್ಟೆಯಲ್ಲಿ ಬೇಯಿಸಿದ ಆ ಕಡುಬೆಂದರೆ ನನಗೆ ಜೀವ. ನಮ್ಮ ಅಕ್ಕ ಮಾತಿಗೆ ತಪ್ಪುವವಳಲ್ಲ. ಉಪ್ಪಿಟ್ಟು ಅಂದರೆ ಉಪ್ಪಿಟ್ಟೇ.

ಅಂದಿನಿಂದ ಹುಮ್ಮಸ್ಸಿನಲ್ಲಿ ದೂರ ದೂರ ತುಳಿದೆ. ಮೊಣಕಾಲ ಚಿಪ್ಪಿನ ಹತ್ತಿರ ಸಣ್ಣಗೆ ಶುರುವಾದ ನೋವು ಆಮೇಲೆ ಮೆಟ್ಟಿಲು ಇಳಿಯುವಾಗಲೂ ಬಂತು. ಪಕ್ಕದ ಮನೆಯವರ ತೀರ್ಪು ರೆಡಿ ಇತ್ತು: "ಪ್ರಾಯ ಆಯ್ತಲ್ದಾ?" ನಮ್ಮನೆಯವರಂತೂ ಒಂದು ಹೆಜ್ಜೆ ಮುಂದೆ ಹೋಗಿ, "ಸೈಕಲ್ ಯಾರಿಗಾರೂ ಕೊಟ್ಟ್ ಬಿಡು ಮಾರಾಯ್ತಿ. ಕೆರಾಡಿಗೆ ಕಾರಂಗೇ ಹೋಪ," ಎಂದರು. ಆ ರಾತ್ರಿ ಸಿಟ್ಟಿನಲ್ಲಿ ಊಟ ಸೇರಲಿಲ್ಲ. ಸಿಟ್ಟಿಗಿಂತ ಹೆಚ್ಚಾಗಿ ದುಃಖ. ಇಷ್ಟು ತಡವಾಗಿ ಸಿಕ್ಕಿದ ಖುಷಿಯನ್ನು ಇಷ್ಟು ಬೇಗ ಬಿಟ್ಟುಕೊಡಬೇಕೆ?

ಹಾಗೆ ಹೋದದ್ದು ಫಿಸಿಯೋ ಹತ್ತಿರ. ಬೈಂದೂರಿನ ಹುಡುಗಿ, ಚುರುಕು. ಸೈಕಲ್ ತಂದ ದಿನ, ಗೋಡೆ ಹಿಡಿದು ಅದರ ಮೇಲೆ ಕೂರಿ, ಪೆಡಲ್ ಹಿಂದಕ್ಕೆ ತಿರುಗಿಸಿ ಎಂದಳು. ತಿರುಗಿಸಿದೆ. ಮೊಣಕಾಲು ಹೊಟ್ಟೆಗೆ ತಾಗುವ ಹಾಗೆ ಮೇಲೆ ಬರುತ್ತಿತ್ತು. (ಹೊಟ್ಟೆಯ ಪಾಲೂ ಇದೆ, ಒಪ್ಪುತ್ತೇನೆ.)

"ಸೀಟ್ ಇಷ್ಟ್ ಕೆಳಗ್ ಯಾರ್ ಮಾಡ್ದ್?"

"ನಾನೇ. ಎರಡೂ ಕಾಲ್ ನೆಲಕ್ಕ್ ತಾಗ್ಕಲ್ದಾ?"

"ಎಂತಕ್ಕ್?"

"ಬಸ್ ಬಪ್ಪತಿಗೆ!"

ಬಸ್ಸು ಬರುವಾಗ ಕಾಲು ಯಾಕೆ ನೆಲಕ್ಕೆ ತಾಗಬೇಕು ಎಂದು ಬೇರೆ ಊರಿನ ಓದುಗರಿಗೆ ಅರ್ಥವಾಗಲಿಕ್ಕಿಲ್ಲ. ನಮ್ಮ ಕಡೆಯ ಎಕ್ಸ್‌ಪ್ರೆಸ್ ಬಸ್ಸು ಹಿಂದಿನಿಂದ ಹಾರ್ನ್ ಹೊಡೆದರೆ ಸೈಕಲ್ಲಿನವರು ಡಾಂಬರು ಬಿಟ್ಟು ಮಣ್ಣಿಗಿಳಿದು, ಎರಡೂ ಕಾಲು ಊರಿ, ಉಸಿರು ಬಿಗಿ ಹಿಡಿದು ನಿಲ್ಲುವುದು ರೂಢಿ. ಅಕ್ಕನೂ ನಾನೂ ಚಿಕ್ಕಂದಿನಲ್ಲಿ ಬಾಡಿಗೆ ಸೈಕಲ್ಲಿನಲ್ಲಿ ಒಟ್ಟಿಗೇ ಕಲಿತವರು. ಅವಳು ನನಗೆ ಹೇಳಿಕೊಟ್ಟ ಮೊದಲ ಪಾಠವೇ, "ಸೀಟ್ ಪೂರಾ ಕೆಳಗ್ ಮಾಡ್. ಬಸ್ ಬಂದ್ರೆ ಕಾಲ್ ಊರುಕ್ ಆಯ್ಕ್." ಹೊಸ ಸೈಕಲ್ ಬಂದ ದಿನ ನಾನು ಮಾಡಿದ ಮೊದಲ ಕೆಲಸವೂ ಅದೇ.

ಹುಡುಗಿ ನಗಲಿಲ್ಲ. ಅವಳದ್ದೂ ಇದೇ ಹೈವೇಯ ಊರಲ್ಲವೇ?

"ಬಸ್ ಒಂದ್ ಗಳಿಗೆಲಿ ಹೋತ್ತ್ ಅಕ್ಕ. ಉಳ್ದ ದಾರಿ ಇಡೀ ತುಳಿಯುದ್ ನಿಮ್ಮ ಮೊಣಕಾಲ್ ಅಲ್ದಾ?"

ಸೀಟು ಏರಿಸಿದಳು. ಪೆಡಲ್ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲು ಸ್ವಲ್ಪವೇ ಮಡಿಸಿರಬೇಕು. ಹ್ಯಾಂಡಲ್ ಹಿಡಿಯಲು ಬಾಗಿ ಬಾಗಿ ಹೋಗಬಾರದು ಎಂದು ಸೀಟನ್ನು ಒಂಚೂರು ಮುಂದೆಯೂ ತಂದಳು. ತೊಡೆಗೆ ಬಲ ಬರುವ ವ್ಯಾಯಾಮ ಕೊಟ್ಟಳು. ಏರಿನಲ್ಲಿ ಹಗುರ ಗೇರ್ ಹಾಕಿ, ದೂರ ನಿಧಾನಕ್ಕೆ ಹೆಚ್ಚು ಮಾಡಿ, ನೋವು ಬಂದರೆ ಹಟ ಮಾಡದೆ ನಿಲ್ಲಿಸಿ ಎಂದಳು.

ನೋಡಿ, ರವಿಕೆ ಹೊಲಿಸುವಾಗ ಟೈಲರ್ ಹತ್ತಿರ ಅರ್ಧ ಇಂಚಿಗೆ ಜಗಳ ಮಾಡುವವಳು ನಾನು. ಸೈಕಲ್ಲಿಗೆ ಮಾತ್ರ ಅಳತೆ ಕೊಟ್ಟದ್ದು ಬಸ್ಸಿನದ್ದು!

ಆದರೆ ಹೊಸ ಎತ್ತರದಲ್ಲಿ ಕೂತಾಗ ಜೀವ ಬಾಯಿಗೆ ಬಂತು. ನೆಲ ಎಲ್ಲೋ ಕೆಳಗೆ. ಬ್ರೇಕ್ ಹಿಡಿದು, ಸೀಟಿನಿಂದ ಮುಂದಕ್ಕೆ ಜಾರಿ, ಒಂದು ಕಾಲು ಊರಿ ನಿಲ್ಲಬೇಕಂತೆ. ಹೇಳುವುದು ಸುಲಭ. ಹಿಂದೆ ಹಾರ್ನ್ ಆದಾಗ?

ಅದಕ್ಕೊಂದು ಉಪಾಯ ಮಾಡಿದವರು ನಮ್ಮನೆಯವರೇ. ಬೆಳಿಗ್ಗೆ ಕೆರೆಯ ಸುತ್ತಿನ ರಸ್ತೆಯಲ್ಲಿ ನಾನು ಸೈಕಲ್ಲಿನಲ್ಲಿ ಮುಂದೆ, ಅವರು ಸ್ಕೂಟರಿನಲ್ಲಿ ಹಿಂದೆ. ಅವರೇ ಬಸ್ಸು. ಯಾವಾಗ ಹಾರ್ನ್ ಹೊಡೆಯುತ್ತಾರೆ ಎಂದು ಹೇಳುವ ಹಾಗಿಲ್ಲ. ಹೊಡೆದ ಕೂಡಲೇ ನಾನು ಇಳಿದು ನಿಲ್ಲಬೇಕು. ಮದುವೆಯಾದ ಮೇಲೆ ನನ್ನ ಮೇಲೆ ಜೋರು ಮಾಡುವ ಅವಕಾಶ ಅವರಿಗೆ ಸಿಕ್ಕಿದ್ದು ಇದೇ ಮೊದಲು. ಮುಖದಲ್ಲಿ ಎಂಥ ಕಳೆ, ಅಂತೀರಿ!

ಮೀನು ಮಾರಲು ಹೊರಟ ಜಲಜಕ್ಕ ಒಂದು ದಿನ ಬುಟ್ಟಿ ಇಳಿಸಿ ನಿಂತೇಬಿಟ್ಟರು. "ಹ್ವಾಯ್! ಹೆಂಡ್ತಿನ್ನ್ ಎಂತಕ್ಕ್ ಹಾಂಗ್ ಅಟ್ಟಸ್ಕಂಡ್ ಹೋತ್ರಿ?"

"ನಾನೀಗ ಬಸ್ಸ್," ಎಂದರು ಇವರು, ಗಂಭೀರವಾಗಿ.

ಮೊದಮೊದಲು ಎರಡು ಸಲ ಪೊದೆಗೆ ನುಗ್ಗಿದೆ. ಆಮೇಲೆ ಕಾಲು ತಾನಾಗಿಯೇ ಕಲಿಯಿತು. ನೋವೂ ಸ್ವಲ್ಪ ಸ್ವಲ್ಪವೇ ಹಿಂದೆ ಸರಿಯಿತು. ಫಿಸಿಯೋ ಹುಡುಗಿ ಮೊಣಕಾಲು ಒತ್ತಿ ನೋಡಿ ಹೋಗಬಹುದು ಎಂದ ಮೇಲೆಯೇ ಹೊರಟದ್ದು.

ಕಳೆದ ಭಾನುವಾರ ಕೆರಾಡಿಗೆ ಹೋದೆ. ಸೈಕಲ್ಲಿನಲ್ಲೇ. ಹೆಮ್ಮಾಡಿ ತಲುಪುವ ಮೊದಲೇ ಅಸಲಿ ಬಸ್ಸೊಂದು ಹಿಂದಿನಿಂದ ಹಾರ್ನ್ ಹೊಡೆಯಿತು. ಬ್ರೇಕ್ ಹಿಡಿದೆ, ಜಾರಿದೆ, ಕಾಲು ಊರಿದೆ, ನಿಂತೆ. ಬಸ್ಸು ಹೋಯಿತು. ಅಷ್ಟೇ! ವಂಡ್ಸೆ ದಾಟಿದ ಮೇಲಿನ ಏರಿನಲ್ಲಿ ಒಂದೆರಡು ಕಡೆ ಇಳಿದು ತಳ್ಳಿದೆ. (ಅಕ್ಕನಿಗೆ ಹೇಳಬೇಡಿ.)

ಅಕ್ಕ ಅಂಗಳದಲ್ಲೇ ಕಾಯುತ್ತಿದ್ದಳು. ಒಳಗೆ ಕಡುಬು ಬೆಂದು ಬಹಳ ಹೊತ್ತಾಗಿತ್ತು. ರವೆ ಹುರಿದ ವಾಸನೆ ಎಲ್ಲೂ ಇರಲಿಲ್ಲ. ನಾನು ಬಂದೇ ಬರುತ್ತೇನೆಂದು ಅವಳಿಗೆ ಗೊತ್ತಿತ್ತು ಅಂತ ಆಗ ತಿಳಿಯಿತು, ಕಣ್ಣು ತುಂಬಿ ಬಂತು.

ಊಟವಾದ ಮೇಲೆ ಅಕ್ಕ ಸೈಕಲ್ಲಿನ ಸುತ್ತ ಒಂದು ಸುತ್ತು ಬಂದಳು. ಸೀರೆ ಸೆರಗು ಸಿಕ್ಕಿಸಿದಳು. ತಾನೂ ಒಂದು ಕೈ ನೋಡುತ್ತಾಳಂತೆ, ಅಲ್ಲೇ ಅಂಗಳದಲ್ಲಿ.

ಸೀಟಿಗೆ ಕೈ ಹಾಕಿದವಳೇ, "ಅಯ್ಯಬ್ಬ, ಇಷ್ಟ್ ಎತ್ರವಾ? ಪೂರಾ ಕೆಳಗ್ ಮಾಡ್ ಕಾಂಬ," ಎಂದಳು. "ಬಸ್ ಬಂದ್ರೆ ಎಂತ ಮಾಡುದ್?"

ಕೆರಾಡಿಯ ಅಂಗಳಕ್ಕೆ ಯಾವ ಬಸ್ಸು ಬರುತ್ತದೆ, ನೀವೇ ಹೇಳಿ?