ಬೆಳಗಿನ ಪಾಳಿಯ ಮಹಾರಾಣಿ

ಮಗು ತನ್ನನ್ನು ಮರೆತುಬಿಟ್ಟರೆ? ತಲೆಗೆ ಹೊಕ್ಕ ಈ ಹುಳ ಹೊರಗೆ ಬರಲೊಲ್ಲದು. ಮೊನ್ನೆ ರಾತ್ರಿ ಅವಳು ಕೆಲಸ ಮುಗಿಸಿ ಬಂದಾಗ ಮಗಳು ಇನ್ನೂ ಎಚ್ಚರವಾಗಿದ್ದಳು. ಅಮ್ಮ ಕೈ ಚಾಚಿದರೆ ಮುಖ ತಿರುಗಿಸಿ ಅಜ್ಜಿಯ ಹೆಗಲಿಗೆ ಅಂಟಿಕೊಂಡಳು.

"ನಿದ್ದೆಗಣ್ಣು, ಬಿಡಮ್ಮ" ಎಂದರು ಅತ್ತೆ. ಆ ಹೆಗಲ ಮೇಲೂ ಇವಳಿಗೆ ಹೊಟ್ಟೆಕಿಚ್ಚು.

ಬಟ್ಟೆ ಅಂಗಡಿಯಲ್ಲಿ ಅವಳ ಕೆಲಸ ಖಾಯಂ ಅಲ್ಲ. ಕರೆದ ದಿನ ಹೋಗಬೇಕು, ಕರೆಯದ ದಿನ ಸಂಬಳವಿಲ್ಲ. ಸೂಪರ್‌ವೈಸರ್ ಮೇಡಂ ವಾಟ್ಸಾಪ್ ಗ್ರೂಪಿಗೆ "ನಾಳೆ ಸಂಜೆ ಯಾರು?" ಎಂದು ಹಾಕುತ್ತಾರೆ, ಮೊದಲು ಹೆಬ್ಬೆರಳ ಗುರುತು ಕಳಿಸಿದವರಿಗೆ ಪಾಳಿ. ಮಗುವಿಗೆ ಸ್ನಾನ ಮಾಡಿಸುವಾಗಲೂ ಇವಳ ಫೋನು ಸೋಪಿನ ಪಕ್ಕದಲ್ಲೇ. ಹೀಗೆ ಎಲ್ಲರಿಗಿಂತ ಮುಂದೆ ಬಿದ್ದು ಹೂಂ ಎನ್ನುತ್ತಿದ್ದರೆ ಮೇಡಂ ಮೆಚ್ಚಿ ಬೆಳಗಿನ ಪಾಳಿ ಕೊಟ್ಟಾರು ಎಂಬ ಆಸೆ.

ಆ ಭಾಗ್ಯ ಇದ್ದದ್ದು ಅದೇ ಅಂಗಡಿಯ ಶೂ ಕೌಂಟರಿನವಳಿಗೆ. ಅವಳೂ ಖಾಯಂ ಅಲ್ಲ, ಇವಳ ನಂತರ ಸೇರಿದವಳು. ಇವಳು ಒಳಗೆ ಕಾಲಿಡುವ ಹೊತ್ತಿಗೆ ಅವಳು ನೀಟಾಗಿ ತಲೆ ಬಾಚಿಕೊಂಡು ಮನೆಗೆ ಹೊರಟಿರುತ್ತಾಳೆ. ಟ್ರಯಲ್ ರೂಮಿನಲ್ಲಿ ಗಿರಾಕಿಗಳು ಬಿಸಾಕಿಹೋದ ಪ್ಯಾಂಟುಗಳನ್ನು ಮಡಚುವಾಗಲೆಲ್ಲ ಇವಳ ಕಣ್ಣ ಮುಂದೆ ಆ ಬಾಚಿದ ತಲೆಯೇ. ಮೇಡಂಗೆ ಅದೇನು ಬೆಣ್ಣೆ ಹಚ್ಚಿದ್ದಾಳೋ!

ಇವತ್ತು ಲಾಕರ್ ಬಳಿ ನಾಲಿಗೆ ಸುಮ್ಮನಿರಲಿಲ್ಲ.

"ಹೊರಟ್ರಾ ಮಹಾರಾಣಿಯವರು? ಪುಣ್ಯವಂತರಪ್ಪ!"

ಶೂ ಕೌಂಟರಿನವಳು ನಕ್ಕಳು. "ನಿನ್ನ ಹೆಬ್ಬೆರಳಿಗೆ ನಾವೆಲ್ಲ ಕೈ ಮುಗೀಬೇಕು ತಾಯಿ. ಸಂಜೆ ಅಂದ್ರೆ ನಿಂಗೆ ಅಷ್ಟು ಇಷ್ಟಾನಾ? ಮೇಡಮ್ಮೂ ಹಾಗೇ ಅನ್ಕೊಂಡಿದ್ದಾರೆ."

"ಇಷ್ಟ ಅಂತ ಯಾರು ಹೇಳಿದ್ದು? ಬೆಳಗ್ಗೆದು ಗ್ರೂಪಲ್ಲಿ ಬರೋದೇ ಇಲ್ವಲ್ಲ!"

"ಎಲ್ಲಿಂದ ಬರುತ್ತೆ? ಅದೆಲ್ಲ ಫೋನಲ್ಲೇ ಮುಗಿದುಹೋಗುತ್ತೆ ಕಣೇ. ಯಾರಿಗೂ ಬೇಡದ್ದು ಮಾತ್ರ ಗ್ರೂಪಿಗೆ ಬರೋದು. ಸಂಜೆ ನನ್ನ ಕೈಲಾಗಲ್ಲ ಅಂತ ಸೇರಿದಾಗಲೇ ಫೋನ್ ಮಾಡಿ ಹೇಳ್ಬಿಟ್ಟೆ."

"ಬೈಲಿಲ್ವಾ?"

"ಬೈಯದೆ ಬಿಡ್ತಾರಾ? ಸ್ವಲ್ಪ ದಿನ ಕರೀಲೂ ಇಲ್ಲ. ಆಮೇಲೆ ಅವರೇ ಕರೆದ್ರು."

ಯಾರಿಗೂ ಬೇಡದ್ದಕ್ಕೆ ತಾನು ಇಷ್ಟು ದಿನ ಎದ್ದೂ ಬಿದ್ದೂ ಓಡಿದ್ದು! ನಾಚಿಕೆಯಾಯಿತು. ಹೊಟ್ಟೆಯುರಿ ಮಾತ್ರ ಆರಲಿಲ್ಲ. ಈಗ ಅದು ಅವಳ ಧೈರ್ಯದ ಮೇಲೆ ತಿರುಗಿತು. ತನ್ನನ್ನು ಕರೆಯುವುದನ್ನೇ ನಿಲ್ಲಿಸಿಬಿಟ್ಟರೆ?

ಮರುದಿನ ಮಧ್ಯಾಹ್ನ ಫೋನು ಟಣ್ ಎಂದಿತು. "ನಾಳೆ ಸಂಜೆ ಯಾರು?" ಹೆಬ್ಬೆರಳು ತಾನಾಗಿಯೇ ಮೇಲೆದ್ದಿತು. ಎದುರಿಗೆ ಮಗಳು ಅಜ್ಜಿಯ ಕೈಯಿಂದ ಅನ್ನ ತಿನ್ನುತ್ತಿದ್ದಳು, ಬಾಯಿ ಅಗಲಿಸಿ, ಖುಷಿಯಾಗಿ. ಇವಳು ವಾಟ್ಸಾಪ್ ಮುಚ್ಚಿ ಮೇಡಂ ನಂಬರು ಒತ್ತಿದಳು.

"ಏನಮ್ಮ, ಗ್ರೂಪಲ್ಲಿ ಹಾಕೋದು ಬಿಟ್ಟು ಫೋನು? ನಾಳೆ ಬರ್ತೀಯಲ್ವಾ?"



"ಇಲ್ಲ ಮೇಡಂ. ಸಂಜೆ ನನ್ನ ಕೈಲಾಗಲ್ಲ. ಶೂ ಕೌಂಟರಿನವಳಿಗೆ ಕೊಟ್ಟಿದ್ದೀರಲ್ಲ, ನನಗೂ ಬೆಳಗ್ಗೆದೇ ಕೊಡಿ."