ಅತ್ತೆಯವರ ಕೇದಾರ ತಾಲೀಮು

ಇವತ್ತು ಬೆಳಿಗ್ಗೆ ಮನೆ ಮುಂದೆ ಮಳೆಯಲ್ಲಿ ನೆನೆದ ಕುರಿಮಂದೆಯೊಂದು ಹಾದುಹೋಯಿತು. ಆ ಉಣ್ಣೆಯ ಕಮಟು ಮೂಗಿಗೆ ಬಡಿದದ್ದೇ ತಡ, ಇದೇ ಮಧುಗಿರಿಯಲ್ಲಿ ಹೊಸ ಸೊಸೆಯಾಗಿದ್ದಾಗ ನಾನು ಹೊದ್ದು ತಿರುಗಿದ ಕರಿಕಂಬಳಿ ನೆನಪಾಯಿತು. ಹೊದ್ದದ್ದು ಚಳಿಗಲ್ಲ, ಕಡುಬೇಸಿಗೆಯಲ್ಲಿ. ನಗಬೇಡಿ, ಕಾರಣ ಹೇಳುತ್ತೇನೆ.

ಆಗಿನ್ನೂ ಮಹಾರಾಜರ ಆಳ್ವಿಕೆ. ಮಾವನವರಿಗೆ ಪೇಟೆಯಲ್ಲಿ ಜವಳಿ ಅಂಗಡಿ. ಒಮ್ಮೆ ಕೇದಾರಕ್ಕೆ ಹೋಗಿಬಂದ ಜಂಗಮರೊಬ್ಬರು ನಮ್ಮಲ್ಲಿ ಊಟಕ್ಕೆ ಕೂತು, ಅಲ್ಲಿನ ದಿನಗಟ್ಟಲೆಯ ಕಾಲುದಾರಿಯನ್ನೂ ಹಿಮವನ್ನೂ ಬಣ್ಣಿಸಿದರು. ಅವರು ಎಲೆ ಬಿಟ್ಟು ಏಳುವಷ್ಟರಲ್ಲಿ, ಐವತ್ತು ದಾಟಿದ ನಮ್ಮ ಅತ್ತೆ ಮನಸ್ಸಿನಲ್ಲೇ ಅರ್ಧ ದಾರಿ ನಡೆದಾಗಿತ್ತು. ನಾನೂ ಬರುತ್ತೇನೆಂದುಬಿಟ್ಟೆ. ಅಲ್ಲಿಯವರೆಗೆ ನಾನು ಹತ್ತಿದ್ದ ಅತಿ ಎತ್ತರದ ಜಾಗ ನಮ್ಮ ಅಟ್ಟ.

ಅಂದಿನಿಂದ ನಡುಮನೆಯೇ ಹಿಮಾಲಯ. ತಂಗುವ ಊರಿಗೊಂದು ಹುಣಸೆಬೀಜ ಇಟ್ಟೆವು, ಕೇದಾರಕ್ಕೆ ಒಂದು ಉಂಡೆ ಬೆಲ್ಲ. ಮಧ್ಯಾಹ್ನದ ಹೊತ್ತಿಗೆ ಇರುವೆಗಳು ನಮಗಿಂತ ಮೊದಲೇ ಕೇದಾರ ಮುಟ್ಟಿದ್ದವು. ಹುರಿಹಿಟ್ಟು, ಅವಲಕ್ಕಿ, ಒಣಶುಂಠಿ ಗಂಟು ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿದೆವು. ಹೊರೆ ಹೊತ್ತು ನಡೆಯುವುದು ರೂಢಿಯಾಗಲೆಂದು ಇಬ್ಬರೂ ಕಂಬಳಿ ಹೊದ್ದೇ ನೀರು ಸೇದುತ್ತಿದ್ದೆವು. ಬಾವಿಕಟ್ಟೆಯಲ್ಲಿ ನೆರೆಯವರು ನಮಗೆ ಚಳಿಜ್ವರವೆಂದು ಮರುಗಿದರು.

ಮಾವನವರು ಬಹಳ ದಿನ ಇದನ್ನೆಲ್ಲ ನೋಡಿದರು. ಕೊನೆಗೆ ಒಂದು ಷರತ್ತು ಹಾಕಿದರು. ಊರ ಮೇಲಿನ ಬೆಟ್ಟದ ತುದಿ ಮುಟ್ಟಿ ಮಧ್ಯಾಹ್ನದ ಊಟದೊಳಗೆ ಇಳಿದು ಬಂದರೆ ಕೇದಾರ. ಇಲ್ಲವಾದರೆ ಆ ಮಾತು ಮತ್ತೆ ಮನೆಯಲ್ಲಿ ಎತ್ತಕೂಡದು.

ನಸುಕಿನಲ್ಲೇ ಕಂಬಳಿ ಹೊದ್ದು ಹೊರಟೆವು. ಬೆಟ್ಟದ ಕೋಟೆಯ ಬಾಗಿಲುಗಳಿರುವತನಕ ನಾನೇ ಮುಂದೆ. ಆಮೇಲೆ ಬರೀ ಬಂಡೆ, ಅದರಲ್ಲಿ ಬೆರಳು ಹಿಡಿಸುವಷ್ಟೇ ಕೊರೆದ ಮೆಟ್ಟಿಲು. ಹೇಗೋ ತುದಿ ಮುಟ್ಟಿದೆವು. ಇಳಿಯುವಾಗ, ಅಂಗೈಯಗಲ ಕಾಣುತ್ತಿದ್ದ ಊರನ್ನು ನೋಡಿದ್ದೇ, ನನ್ನ ಕಾಲು ಕಲ್ಲಾದವು. ನನ್ನಿಂದಾಗದು, ನೀವೊಬ್ಬರೇ ಹೋಗಿ ಎಂದು ಅತ್ತುಬಿಟ್ಟೆ. ಹೊತ್ತು ಏರುತ್ತಿತ್ತು. ಅತ್ತೆ ಒಬ್ಬರೇ ಇಳಿದಿದ್ದರೆ ಗೆಲ್ಲುತ್ತಿದ್ದರು. ಅವರು ಮರಳಿ ಮೇಲೆ ಹತ್ತಿ ನನ್ನ ಪಕ್ಕದಲ್ಲಿ ಕೂತರು.

"ಕೇದಾರ ಎಲ್ಲೂ ಓಡೋಗಲ್ಲ ಕಣಮ್ಮ. ಊರ ನೋಡಬ್ಯಾಡ, ನನ್ನ ಕಾಲುಂಗ್ರ ನೋಡ್ಕಂಡು ಕೂತ್ಕಂಡೇ ಜಾರು."

ಅವರು ಒಂದು ಮೆಟ್ಟಿಲು ಜಾರಿದರೆ ನಾನು ಒಂದು. ಹೀಗೆ ಜಾರುತ್ತಾ ಯಾರಿಗೆ ಮೊದಲು ನಗು ಬಂತೋ ತಿಳಿಯದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಕೆಳಗೆ ತಲುಪಿ ನೋಡಿದರೆ ಇಬ್ಬರ ಸೀರೆಯ ಹಿಂಬದಿಯೂ ಚಿಂದಿ. ಬೇರೆ ದಾರಿಯಿಲ್ಲದೆ ಕಂಬಳಿಗಳನ್ನು ಸೊಂಟಕ್ಕೆ ಸುತ್ತಿಕೊಂಡು, ಉರಿಬಿಸಿಲಲ್ಲಿ ಪೇಟೆಯ ನಡುವೆಯೇ ನಡೆದು ಬಂದೆವು. ಊಟದ ಹೊತ್ತು ಯಾವಾಗಲೋ ಮೀರಿತ್ತು.

ಮಾವನವರು ಊಟ ಮಾಡಿರಲಿಲ್ಲ. ಅಂಗಡಿ ಬಾಗಿಲಿಂದ ಬೆಟ್ಟವನ್ನೇ ನೋಡುತ್ತಾ ನಿಂತು, ಅತ್ತೆಯ ಕರಿಕಂಬಳಿ ತಿರುಗಿ ಮೇಲೆ ಹತ್ತಿದ್ದನ್ನೂ ಕಂಡಿದ್ದರಂತೆ. ಅಂಗಡಿಯಿಂದ ಎರಡು ಹೊಸ ಸೀರೆ ತಂದು ನಮ್ಮ ಕೈಗಿಟ್ಟು, ತಾವೂ ಕೇದಾರಕ್ಕೆ ಬರುವುದಾಗಿ ಹೇಳಿದರು.

"ಅದೆಂಗಾದಾತು? ನೀವೂ ಮೊದ್ಲು ಬೆಟ್ಟ ಹತ್ತಿ ಬನ್ನಿ," ಅಂದರು ಅತ್ತೆ.

ಮರುವಾರ ಮಾವನವರು ಅರ್ಧಕ್ಕೇ ಕೂತು, ಎಳನೀರು ತರಿಸಿಕೊಂಡು ಕುಡಿದು ಇಳಿದರು. ಆದರೂ ಮುಂದಿನ ವರ್ಷ ಮೂವರೂ ಹೋಗಿಬಂದೆವು. ಹಿಮ ಮುಟ್ಟಿ ಅತ್ತೆ ಎಳೆಮಗುವಿನಂತೆ ನಕ್ಕದ್ದು ಈಗಲೂ ಕಣ್ಣಿಗೆ ಕಟ್ಟಿದೆ.

ಇಷ್ಟು ಬರೆಯುವುದರೊಳಗೆ ನನ್ನ ಮಂಡಿನೋವು ಎಲ್ಲಿ ಹೋಯಿತೋ. ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದ ಸೊಸೆಯನ್ನು ಕರೆದು, ನಾಳೆ ಬೆಟ್ಟಕ್ಕೆ ಬರುತ್ತೀಯಾ ಎಂದು ಕೇಳಿದೆ. ಅವಳು ಕೈಲಿದ್ದ ಒದ್ದೆ ಬಟ್ಟೆಯನ್ನು ಕೊಡವಿ ಹಗ್ಗಕ್ಕೆ ಹಾಕಿದಳು.

"ಎಷ್ಟೊತ್ತಿಗೆ ಹೊರಡೋದು ಅತ್ತೆ?" ಅಂದಳು.